ಬೇಸಿಗೆ ರಜೆಗೆ ಗೋವಾ: ಕಡಲ ದಂಡೆಯ ಹೋಟೆಲ್ ಆರಿಸಿಕೊಳ್ಳುವ ಬಗೆ

ಏಪ್ರಿಲ್ ಬಂತೆಂದರೆ ನನ್ನ ಫೋನ್‌ಗೆ ಬಿಡುವಿಲ್ಲ. ನಾನಿರುವುದು ಮಡಗಾಂವ್‌ನಲ್ಲಿ. ಹುಬ್ಬಳ್ಳಿಯ ಅಕ್ಕ, ದಾವಣಗೆರೆಯ ಸೋದರಮಾವ, ಬೆಂಗಳೂರಿನ ಹಳೇ ಗೆಳೆಯರು, ಎಲ್ಲರೂ ಕೇಳುವುದು ಒಂದೇ ಮಾತು: "ಮಕ್ಕಳಿಗೆ ರಜೆ ಶುರುವಾಯ್ತು, ಬೀಚ್ ಎದುರಿಗೇ ಇರೋ ಒಳ್ಳೆ ಹೋಟೆಲ್ ಒಂದು ಹೇಳು." ಹೆಸರು ಹೇಳಿಬಿಡುವುದು ಸುಲಭ. ಆದರೆ ಡಿಸೆಂಬರ್‌ನಲ್ಲಿ ಗೆಳೆಯರ ಗುಂಪಿಗೆ ಹಿಡಿಸಿದ ಹೋಟೆಲ್, ಮೇ ತಿಂಗಳಲ್ಲಿ ಅಜ್ಜಿ ಮತ್ತು ಐದು ವರ್ಷದ ಮಗುವಿನ ಜೊತೆ ಬರುವ ಮನೆಯವರಿಗೆ ಸರಿಹೋಗುವುದಿಲ್ಲ. ಅದಕ್ಕೇ ಈಗ ಹೆಸರು ಹೇಳುವ ಬದಲು ಆರಿಸುವ ಕ್ರಮವನ್ನೇ ಹೇಳುತ್ತೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಶುರುವಿಗೆ ಬೇಸಿಗೆಯ ಒಂದು ದಿನ ಇಲ್ಲಿ ಹೇಗೆ ಸಾಗುತ್ತದೆ ಅಂತ ತಿಳಿದುಕೊಳ್ಳಿ. ಬೆಳಿಗ್ಗೆ ಏಳರಿಂದ ಒಂಬತ್ತೂವರೆವರೆಗೆ ಕಡಲು ಹಿತವಾಗಿರುತ್ತದೆ. ಹತ್ತು ಗಂಟೆಯ ಮೇಲೆ ಮರಳು ಅಂಗಾಲು ಸುಡುತ್ತದೆ. ಬಿಸಿಲು 33-34 ಡಿಗ್ರಿ ಅಂತ ಫೋನ್ ತೋರಿಸಿದರೂ, ಗಾಳಿಯಲ್ಲಿನ ತೇವದಿಂದ ಮೈಯೆಲ್ಲ ಬೆವರುತ್ತದೆ. ಒಣ ಸೆಖೆ ಕಂಡಿರುವ ರಾಯಚೂರು, ಕಲಬುರಗಿಯವರಿಗೂ ಇದು ಹೊಸದು. ಮತ್ತೆ ನೀರಿಗೆ ಇಳಿಯುವಂತಾಗುವುದು ಸಂಜೆ ನಾಲ್ಕೂವರೆಗೆ. ಅಂದರೆ ದಿನಕ್ಕೆ ಎರಡು ಸಲ ಕಡಲಿಗೆ ಹೋಗಿ ಬರಬೇಕು, ನಡುವಿನ ಆರೇಳು ಗಂಟೆ ಹೋಟೆಲ್‌ನಲ್ಲೇ ಕಳೆಯಬೇಕು. ದಂಡೆಗೆ ನಿಜವಾಗಲೂ ಹತ್ತಿರ ಇರಬೇಕು, ಮಧ್ಯಾಹ್ನ ಒಳಗಿರಲು ಹಿತವಾಗಿರಬೇಕು. ಮುಂದೆ ಹೇಳುವುದೆಲ್ಲ ಈ ಎರಡರ ಸುತ್ತಲೇ.

ದಿನಾಂಕ ಮೊದಲು ಗಟ್ಟಿ ಮಾಡಿ

ಆಗುವುದಾದರೆ ಏಪ್ರಿಲ್ ಎರಡನೇ ವಾರದಿಂದ ಮೇ 15ರ ಒಳಗೆ ಬಂದು ಹೋಗಿ. ಮಳೆಗಾಲ ಗೋವಾಕ್ಕೆ ಬರುವುದು ಸಾಮಾನ್ಯವಾಗಿ ಜೂನ್ ಮೊದಲ ವಾರ. ಆದರೆ ಅದಕ್ಕೂ ಮುಂಚೆಯೇ ಕಡಲಿನ ಸ್ವಭಾವ ಬದಲಾಗುತ್ತದೆ. ಮೇ ಕೊನೆಯ ಹೊತ್ತಿಗೆ ಅಲೆ ದೊಡ್ಡದಾಗುತ್ತದೆ, ನೀರು ಕಲಕಿದಂತಿರುತ್ತದೆ, ನೀರಿಗೆ ಇಳಿಯಬೇಡಿ ಅನ್ನುವ ಕೆಂಪು ಬಾವುಟ ಜಾಸ್ತಿ ಕಾಣುತ್ತದೆ. 2025ರಲ್ಲಂತೂ ಮುಂಗಾರು ಮೇ 24ಕ್ಕೇ ಕೇರಳ ತಲುಪಿತ್ತು. ಇನ್ನೊಂದು ವಿಷಯ: ದಂಡೆಯ ಮೇಲಿನ ಊಟದ ಶ್ಯಾಕ್‌ಗಳಿಗೆ, ಅಂದರೆ ತಾತ್ಕಾಲಿಕ ಚಪ್ಪರದ ಹೋಟೆಲ್‌ಗಳಿಗೆ, ಪರವಾನಗಿ ಮೇ 31ರವರೆಗೆ ಮಾತ್ರ. ಬಹಳ ಜನ ಅದಕ್ಕೂ ಮೊದಲೇ ಬಿದಿರು, ತಗಡು ಬಿಚ್ಚಲು ಶುರು ಮಾಡುತ್ತಾರೆ. ದಕ್ಷಿಣ ಗೋವಾದ ಪಾಲೋಲೆಂ, ಅಗೋಂದಾ ಬೀಚ್‌ಗಳಲ್ಲಿ ಉಳಿಯಲು ಕೊಡುವ ಮರದ ಗುಡಿಸಲುಗಳದ್ದೂ ಇದೇ ಕಥೆ. ಮೇ 20ರ ನಂತರ ಬರುವವರು "ನೀವು ಆ ತಾರೀಖಿಗೆ ತೆರೆದಿರುತ್ತೀರಾ? ಅಡುಗೆಮನೆ ನಡೆಯುತ್ತಾ?" ಅಂತ ಕೇಳಿಯೇ ಬುಕ್ ಮಾಡಿ.

ವಾರದ ನಡುವೆ ಬನ್ನಿ. ಶುಕ್ರವಾರ ಸಂಜೆಯಿಂದ ಮುಂಬೈ, ಪುಣೆ, ಬೆಳಗಾವಿ, ಬೆಂಗಳೂರು ನಾಲ್ಕೂ ಕಡೆಯಿಂದ ಜನ ಬರುತ್ತಾರೆ. ಮೇ 1 ಕರ್ನಾಟಕ, ಮಹಾರಾಷ್ಟ್ರ ಎರಡಕ್ಕೂ ರಜೆ. ಅದು ಶನಿವಾರ, ಭಾನುವಾರಕ್ಕೆ ಅಂಟಿಕೊಂಡು ಬಂದರೆ ಅದೇ ರೂಮಿನ ಬಾಡಿಗೆ ಎಲ್ಲಿಗೋ ಏರಿರುತ್ತದೆ. ಭಾನುವಾರ ಮಧ್ಯಾಹ್ನ ಬಂದು ಗುರುವಾರ ಹೊರಡುವುದು ನನಗೆ ಗೊತ್ತಿರುವ ಅತಿ ಒಳ್ಳೆಯ ಲೆಕ್ಕ.

ಬೀಚ್ ಆರಿಸಿ, ಆಮೇಲೆ ಹೋಟೆಲ್

ಬಹಳ ಜನ ಇಲ್ಲೇ ತಪ್ಪುತ್ತಾರೆ. ಆ್ಯಪ್‌ನಲ್ಲಿ "ಗೋವಾ" ಅಂತ ಹಾಕಿ, ಚೆಂದದ ಫೋಟೋ ನೋಡಿ ಬುಕ್ ಮಾಡಿಬಿಡುತ್ತಾರೆ. ಬಂದಿಳಿದ ಮೇಲೆ ಗೊತ್ತಾಗುತ್ತದೆ, ಎದುರಿಗಿರುವುದು ಈಜುವ ಕಡಲೇ ಅಲ್ಲ ಅಂತ. ಪಣಜಿಯ ಮೀರಾಮಾರ್ ಸಂಜೆ ತಿರುಗಾಡಲು ಬಹಳ ಚೆನ್ನಾಗಿದೆ. ಆದರೆ ಅಲ್ಲಿ ಮಾಂಡವಿ ನದಿ ಕಡಲು ಸೇರುತ್ತದೆ, ನೀರಾಟಕ್ಕೆ ಅದು ಜಾಗ ಅಲ್ಲ. ದೋನಾ ಪಾವ್ಲಾದಲ್ಲಿ ಬಂಡೆ. ಅಂಜುನಾದ ದಂಡೆಯಲ್ಲೂ ಕಲ್ಲು ಬಹಳ. ವಾಗಾತೋರ್‌ನಲ್ಲಿ ಕೆಂಪು ಗುಡ್ಡದ ಮೇಲಿಂದ ಇಳಿದು ಹೋಗಬೇಕು, ವಯಸ್ಸಾದವರಿಗೆ ಕಷ್ಟ.

ಉತ್ತರದ ಕಾಂದೋಳಿಂ, ಕಲಂಗುಟ್, ಬಾಗಾ ಒಂದಕ್ಕೊಂದು ಅಂಟಿಕೊಂಡ ಉದ್ದನೆ ದಂಡೆಗಳು. ಅಂಗಡಿ, ಊಟ, ಪ್ಯಾರಾಸೇಲಿಂಗ್, ಜೆಟ್ ಸ್ಕೀ ಎಲ್ಲ ಕಾಲಬುಡದಲ್ಲೇ ಸಿಗುತ್ತದೆ. ಹದಿಹರೆಯದ ಮಕ್ಕಳಿದ್ದರೆ ಅವರಿಗೆ ಇದೇ ಇಷ್ಟ. ಆದರೆ ಬಾಗಾದಲ್ಲಿ ಸಂಜೆಯ ಜನಜಂಗುಳಿಯಲ್ಲಿ ಸಣ್ಣ ಮಗುವಿನ ಕೈ ಬಿಡುವಂತಿಲ್ಲ. ಗಲಾಟೆ ಕಡಿಮೆ ಬೇಕಿದ್ದರೆ ಇದೇ ಸಾಲಿನ ದಕ್ಷಿಣ ತುದಿಯ ಕಾಂದೋಳಿಂ, ಸಿಂಕೇರಿಂ ಕಡೆ ನೋಡಿ. ಇನ್ನೂ ಉತ್ತರಕ್ಕೆ ಮೋರ್ಜಿಂ, ಅಶ್ವೆಂ, ಮಾಂದ್ರೆಂ ವಿಶಾಲವಾಗಿವೆ, ಮೋಪಾ ವಿಮಾನ ನಿಲ್ದಾಣಕ್ಕೂ ಹತ್ತಿರ.

ದಕ್ಷಿಣದ ಬಗ್ಗೆ ನನಗೆ ಒಲವು ಜಾಸ್ತಿ, ಮುಚ್ಚಿಡುವುದಿಲ್ಲ. ಉತೋರ್ಡಾ, ಮಜೋರ್ಡಾದಿಂದ ಕೋಲ್ವಾ, ಬೆನೌಲಿಂ, ವಾರ್ಕಾ, ಕಾವೆಲೋಸಿಂ ದಾಟಿ ಮೋಬೋರ್‌ವರೆಗೆ ಒಂದೇ ಮರಳಿನ ಪಟ್ಟಿ ಹರಡಿದೆ. ಮರಳು ಬಿಳಿ, ನುಣುಪು. ಇಳಿತದ ಹೊತ್ತಿಗೆ ಒದ್ದೆ ಮರಳು ಗಟ್ಟಿಯಾಗಿ, ಮಕ್ಕಳು ಕ್ರಿಕೆಟ್ ಆಡುವಷ್ಟು ಅಗಲವಾಗುತ್ತದೆ. ಬೆಳಿಗ್ಗೆ ಬೆನೌಲಿಂನಲ್ಲಿ ಮೀನುಗಾರರು ಬಲೆ ಎಳೆಯುವುದು ಕಾಣಲು ಸಿಕ್ಕರೆ ಮಕ್ಕಳನ್ನು ಎಬ್ಬಿಸಿ ಕರೆದುಕೊಂಡು ಹೋಗಿ. ಕೋಲ್ವಾದಲ್ಲಿ ಮಾತ್ರ ಮುಖ್ಯ ಸರ್ಕಲ್ ಹತ್ತಿರ ಜನ ಜಾಸ್ತಿ. ಹತ್ತು ನಿಮಿಷ ಬದಿಗೆ ನಡೆದರೆ ದಂಡೆ ಖಾಲಿ.

ತೀರಾ ದಕ್ಷಿಣದ ಕಾಣಕೋಣ ತಾಲೂಕಿನಲ್ಲಿ ಪಾಲೋಲೆಂ ಇದೆ. ಅರ್ಧಚಂದ್ರದ ಆಕಾರದ ಕೊಲ್ಲಿ, ಎರಡೂ ತುದಿಗೆ ಗುಡ್ಡ, ಹಾಗಾಗಿ ಅಲೆಯ ಹೊಡೆತ ಕಡಿಮೆ. ನೀರು ದೂರದವರೆಗೂ ಆಳವಿಲ್ಲ. ಸಣ್ಣ ಮಕ್ಕಳಿದ್ದವರಿಗೆ ನಾನು ಮೊದಲು ಹೇಳುವ ಹೆಸರು ಇದೇ. ಪಕ್ಕದ ಅಗೋಂದಾ ನೋಡಲು ಅದಕ್ಕಿಂತ ಚೆಂದ, ಶಾಂತ, ಕಡಲಾಮೆ ಮೊಟ್ಟೆಯಿಡುವ ದಂಡೆ. ಆದರೆ ಅಲ್ಲಿ ದಡ ಬೇಗ ಆಳವಾಗುತ್ತದೆ, ಸೆಳೆತವೂ ಇದೆ. ಎರಡೂ ಒಂದೇ ಅಂದುಕೊಂಡು ಅಗೋಂದಾದಲ್ಲಿ ರೂಮ್ ಮಾಡಿ, ಮಕ್ಕಳನ್ನು ನೀರಿಗೆ ಬಿಡಲಾಗದೆ ಒದ್ದಾಡಿದವರನ್ನು ಕಂಡಿದ್ದೇನೆ.

ಯಾವ ಬೀಚೇ ಆಗಲಿ, ನಕ್ಷೆಯಲ್ಲಿ ಅದರ ಎರಡೂ ತುದಿ ನೋಡಿ. ನದಿ ಬಂದು ಸೇರುವ ಜಾಗದ ಹತ್ತಿರ ಹೋಟೆಲ್ ಇದ್ದರೆ ಅಲ್ಲಿ ಈಜುವ ಯೋಚನೆ ಬಿಡಿ. ಕೇರಿಯಲ್ಲಿ ತೇರೆಖೋಲ್, ಮೋರ್ಜಿಂನಲ್ಲಿ ಶಾಪೋರಾ, ಮೋಬೋರ್‌ನಲ್ಲಿ ಸಾಳ್ ನದಿ ಕಡಲು ಸೇರುತ್ತವೆ. ಇಳಿತದ ಹೊತ್ತಿಗೆ ಅಲ್ಲಿ ನೀರು ಹೊರಗೆ ಎಳೆಯುವ ರಭಸ ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ.

ಪ್ರಯಾಣವನ್ನೂ ಇದೇ ಹೊತ್ತಿಗೆ ಲೆಕ್ಕ ಹಾಕಿ. ಕಾರವಾರದ ಕಡೆಯಿಂದ ಕಾರಿನಲ್ಲಿ ಬಂದರೆ ಪೋಳೆಂ ಗಡಿ ದಾಟಿದ ಸ್ವಲ್ಪ ಹೊತ್ತಿಗೆ ಪಾಲೋಲೆಂ. ರೈಲಿಗೆ ಕಾಣಕೋಣ ನಿಲ್ದಾಣ ಅಲ್ಲೇ ಮೂರು ಕಿಲೋಮೀಟರ್ ಆಸುಪಾಸು. ಹುಬ್ಬಳ್ಳಿ, ಲೋಂಡಾ ಮೇಲಿಂದ ಬರುವ ರೈಲುಗಳು ದೂಧಸಾಗರ ದಾಟಿ ಮಡಗಾಂವ್, ವಾಸ್ಕೋ ಕಡೆ ಹೋಗುತ್ತವೆ, ಅವರಿಗೆ ಕೋಲ್ವಾ, ಬೆನೌಲಿಂ ಅನುಕೂಲ. ಬೆಳಗಾವಿಯಿಂದ ಚೋರ್ಲಾ ಘಾಟಿ ಇಳಿದು ಬರುವವರಿಗೆ ಉತ್ತರ ಗೋವಾ ಹತ್ತಿರ. ವಿಮಾನದಲ್ಲಿ ಬರುವವರು ಟಿಕೆಟ್ ಮೇಲೆ ದಾಬೋಳಿಂ ಇದೆಯೋ ಮೋಪಾ ಇದೆಯೋ ನೋಡಿಕೊಳ್ಳಿ. ಮೋಪಾದಲ್ಲಿ ಇಳಿದು ಪಾಲೋಲೆಂಗೆ ಹೋಗುವುದೆಂದರೆ ಇಡೀ ಗೋವಾ ಉದ್ದಕ್ಕೆ ದಾಟಿದ ಹಾಗೆ. ಟ್ಯಾಕ್ಸಿಯ ದುಡ್ಡಿನಲ್ಲಿ ಇನ್ನೊಂದು ರಾತ್ರಿಯ ರೂಮೇ ಬರುತ್ತಿತ್ತು ಅನ್ನಿಸಿಬಿಡುತ್ತದೆ.

"ಬೀಚ್‌ಫ್ರಂಟ್" ಅಂದರೆ ಎಷ್ಟು ಹೆಜ್ಜೆ?

ನಾಲ್ಕು ವರ್ಷದ ಹಿಂದೆ ನನ್ನ ಅಮ್ಮ ಮೊದಲ ಸಲ ಗೋವಾದಲ್ಲಿ ಕಡಲ ಹತ್ತಿರ ಉಳಿಯಬೇಕು ಅಂದಿದ್ದರು. ಅವರಿಗೆ ಮಂಡಿನೋವು. "ಬೀಚ್‌ಫ್ರಂಟ್, ಸೀ ವ್ಯೂ" ಅಂತ ಬರೆದಿದ್ದ ಒಂದು ಹೋಟೆಲ್ ನಾನೇ ಆರಿಸಿದೆ. ಊರಿನಲ್ಲೇ ಇರುವವನು, ಹೋಗಿ ನೋಡಬಹುದಿತ್ತು, ನೋಡಲಿಲ್ಲ. ಹೋಟೆಲ್‌ನ ಹಿಂದಿನ ಗೇಟಿನಿಂದ ತೆಂಗಿನ ತೋಟದ ನಡುವೆ ಕಾಲುದಾರಿ. ಅದು ಮುಗಿದರೆ ಸಣ್ಣ ತೋಡು, ಅದರ ಮೇಲೆ ಅಡಿಕೆ ದಬ್ಬೆಯ ಸಂಕ. ಆಮೇಲೆ ಕಾಲು ಹೂತುಹೋಗುವ ಮರಳ ದಿಬ್ಬ. ಅಮ್ಮ ಆ ದಿಬ್ಬದ ಅರ್ಧದಲ್ಲಿ ನಿಂತು, ಸೆರಗಿನಿಂದ ಮುಖ ಒರೆಸಿಕೊಂಡು, "ನೀವು ಹೋಗಿ ಬನ್ನಿ, ನನಗೆ ಇಲ್ಲಿಂದಲೇ ಕೇಳಿಸ್ತದೆ" ಅಂದರು. ಮೂರು ದಿನವೂ ಅವರು ಕಡಲನ್ನು ಕೇಳಿಸಿಕೊಂಡದ್ದೇ ಬಂತು. ಆ ಮಾತು ನನಗೆ ಈಗಲೂ ಚುಚ್ಚುತ್ತದೆ.

ಇಷ್ಟು ದೂರ ಇರಲು ಕಾರಣ ಇದೆ. 1991ರಲ್ಲಿ ಬಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಜನ ಸಿಆರ್‌ಝೆಡ್ ಅನ್ನುತ್ತಾರೆ, ಹಳ್ಳಿ ಕಡೆಯ ದಂಡೆಗಳಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡ ಬೇಡ ಅಂದಿತು. 2011ರಲ್ಲಿ, 2019ರಲ್ಲಿ ನಿಯಮ ಬದಲಾಗಿದೆ, ಆದರೂ ಗೋವಾದ ದಂಡೆಯ ರೂಪ ನಿಂತಿರುವುದು ಆ ಗೆರೆಯ ಮೇಲೆ. ಇದು ಒಳ್ಳೆಯ ನಿಯಮವೇ. ದಿಬ್ಬ, ಅದರ ಮೇಲಿನ ನೇರಳೆ ಹೂವಿನ ಬಳ್ಳಿ ಉಳಿದರೇನೇ ಮರಳು ಉಳಿಯುವುದು. ನೀವು ತಿಳಿಯಬೇಕಾದ್ದು ಇಷ್ಟೇ: ಕಡಲಿಗೆ ತೀರಾ ಅಂಟಿಕೊಂಡಿರುವುದು ಒಂದೋ ಹಳೆಯ ಕಟ್ಟಡ, ಇಲ್ಲವೇ ಮಳೆಗಾಲಕ್ಕೆ ಬಿಚ್ಚಿಡುವ ತಾತ್ಕಾಲಿಕ ಗುಡಿಸಲು. ಮಿಕ್ಕ ಹೊಸ ಹೋಟೆಲ್‌ಗಳ ಜಾಹೀರಾತಿನಲ್ಲಿ "ಬೀಚ್‌ಫ್ರಂಟ್" ಅಂದರೆ ತೋಟದ ಆಚೆ, ದಿಬ್ಬದ ಆಚೆ ಕಡಲಿದೆ ಎಂದರ್ಥ.

ದೂರ ಅಳೆಯುವುದು ಹೀಗೆ. ಫೋನಿನ ನಕ್ಷೆಯನ್ನು ಉಪಗ್ರಹ ಚಿತ್ರಕ್ಕೆ ಹಾಕಿ. ಹೋಟೆಲ್‌ನ ಗೇಟಿನಿಂದ ಒದ್ದೆ ಮರಳಿನವರೆಗೆ, ಕಾಲುದಾರಿ ಹೋಗುವ ಹಾಗೇ ಗೆರೆ ಎಳೆಯಿರಿ. ನೇರ ಗೆರೆ ಎಳೆದರೆ ಮೋಸ ಹೋಗುತ್ತೀರಿ, ನಡುವೆ ತೋಡು, ಬೇರೆಯವರ ಬೇಲಿ ಇರಬಹುದು. 150 ಮೀಟರ್ ಒಳಗಿದ್ದರೆ ಅಜ್ಜಿ, ಮಗು ಇಬ್ಬರಿಗೂ ಸರಿ. 300 ಮೀಟರ್ ಆದರೆ ಗಟ್ಟಿಕಾಲಿನವರಿಗೆ ಮಾತ್ರ. ಐನೂರು ದಾಟಿದರೆ ಅದು ಊರೊಳಗಿನ ಹೋಟೆಲ್, ಅದಕ್ಕೆ ಕಡಲ ಬದಿಯ ಬೆಲೆ ಕೊಡಬೇಡಿ. ದೊಡ್ಡ ರೆಸಾರ್ಟ್ ಆದರೆ ಇನ್ನೊಂದು ಲೆಕ್ಕ ಇದೆ. ಗೇಟು ಕಡಲಿಗೆ ಹತ್ತಿರ ಇದ್ದರೂ ನಿಮ್ಮ ರೂಮ್ ಆ ಗೇಟಿನಿಂದ ಕಾಲು ಕಿಲೋಮೀಟರ್ ದೂರದ ಬ್ಲಾಕ್‌ನಲ್ಲಿರಬಹುದು. ಯಾವ ಬ್ಲಾಕ್ ಅಂತ ಕೇಳಿ.

"ಸೀ ವ್ಯೂ" ಅನ್ನುವುದಕ್ಕೂ "ಸೀ ಫೇಸಿಂಗ್" ಅನ್ನುವುದಕ್ಕೂ ವ್ಯತ್ಯಾಸ ಇದೆ. ಎರಡನೆಯದರಲ್ಲಿ ಕಿಟಕಿ ತೆರೆದರೆ ಕಡಲು. ಮೊದಲನೆಯದರಲ್ಲಿ ಬಾಲ್ಕನಿಯ ಮೂಲೆಗೆ ಹೋಗಿ ಬಗ್ಗಿದರೆ ಕಡಲು, ಅಂತಲೂ ಇರಬಹುದು. ಜೊತೆಗೆ ಬೇಸಿಗೆಯವರು ಮರೆಯಬಾರದ್ದು: ಗೋವಾದ ಕಡಲು ಪಶ್ಚಿಮಕ್ಕಿದೆ. ಕಡಲಿಗೆ ಮುಖ ಮಾಡಿದ ರೂಮಿಗೆ ಮಧ್ಯಾಹ್ನ ಎರಡರಿಂದ ಆರರವರೆಗೆ ನೇರ ಬಿಸಿಲು ಹೊಡೆಯುತ್ತದೆ. ಮೇಲಂತಸ್ತಿನ ಕೊನೆಯ ರೂಮಾದರೆ ತಾರಸಿಯ ಕಾವೂ ಸೇರುತ್ತದೆ. ಮುಂದೆ ಅಗಲವಾದ ವರಾಂಡವೋ ದಪ್ಪ ಪರದೆಯೋ ಇಲ್ಲದಿದ್ದರೆ, ಜಾಸ್ತಿ ದುಡ್ಡು ಕೊಟ್ಟು ಸೆಖೆ ಕೊಂಡಂತಾಗುತ್ತದೆ. ನನ್ನ ಸಲಹೆ ಕೇಳಿದರೆ, ತೆಂಗಿನ ನೆರಳಿನ, ತೋಟಕ್ಕೆ ತೆರೆದುಕೊಳ್ಳುವ ನೆಲ ಅಂತಸ್ತಿನ ರೂಮ್ ತೆಗೆದುಕೊಳ್ಳಿ. ಸೂರ್ಯಾಸ್ತಕ್ಕೆ ಹೇಗೂ ದಂಡೆಯಲ್ಲೇ ಇರುತ್ತೀರಿ ಅಲ್ವಾ?

ಮರದ ಗುಡಿಸಲುಗಳ ಬಗ್ಗೆ ಒಂದು ಮಾತು. ಜನವರಿಯಲ್ಲಿ ಅದಕ್ಕಿಂತ ಚೆಂದದ ಜಾಗವಿಲ್ಲ. ಮೇ ತಿಂಗಳಲ್ಲಿ ಎಸಿ ಇಲ್ಲದ ಗುಡಿಸಲಲ್ಲಿ ಮಗುವನ್ನು ಮಧ್ಯಾಹ್ನ ಮಲಗಿಸಲು ಆಗುವುದಿಲ್ಲ.

ಫೋನ್ ಮಾಡಿ, ಕನ್ನಡದಲ್ಲೇ ಕೇಳಿ

ಎರಡು ಮೂರು ಹೋಟೆಲ್‌ಗೆ ಪಟ್ಟಿ ಇಳಿದ ಮೇಲೆ ವಿಮರ್ಶೆ ಓದಿ. ಏಪ್ರಿಲ್, ಮೇ ತಿಂಗಳಲ್ಲಿ ಬರೆದವನ್ನು ಮಾತ್ರ ಓದಿ. ಹೋಟೆಲ್‌ನವರು ಹಾಕಿದ ಫೋಟೋ ಬಿಟ್ಟು, ಉಳಿದುಕೊಂಡವರು ಇತ್ತೀಚೆಗೆ ಹಾಕಿದ್ದನ್ನು ನೋಡಿ. ಆಮೇಲೆ ನೇರ ಫೋನ್ ಮಾಡಿ.

ಇಲ್ಲಿ ನಮ್ಮವರಿಗೆ ಒಂದು ಅನುಕೂಲ ಇದೆ. ಗೋವಾದ ಹೋಟೆಲ್‌ಗಳಲ್ಲಿ ಹೌಸ್‌ಕೀಪಿಂಗ್, ಸೆಕ್ಯುರಿಟಿ, ಅಡುಗೆಮನೆಯಲ್ಲಿ ಬಾಗಲಕೋಟೆ, ವಿಜಯಪುರ, ಗದಗ, ಹಾವೇರಿ ಕಡೆಯವರು ಬಹಳ ಜನ ಇದ್ದಾರೆ. ವಾಸ್ಕೋದ ಬೈನಾ, ಜುವಾರಿನಗರ ಕಡೆ ಹೋದರೆ ಬೀದಿಯಲ್ಲೇ ಕನ್ನಡ ಕೇಳುತ್ತದೆ. "ಕನ್ನಡ ಮಾತಾಡೋರು ಯಾರಾದ್ರೂ ಇದ್ದಾರಾ?" ಅಂತ ರಿಸೆಪ್ಷನ್‌ನಲ್ಲಿ ಕೇಳಿ. ಸಿಕ್ಕರೆ, "ಅಣ್ಣಾ, ವಯಸ್ಸಾದೋರನ್ನ ಕರ್ಕೊಂಡು ಬರ್ತಿದೀನಿ, ನಿಜ ಹೇಳಿ" ಅಂತ ಶುರು ಮಾಡಿ. ಅಮ್ಮನ ಮುಂದಿನ ಸಲದ ರೂಮನ್ನು ನಾನು ಹೀಗೇ ಹುಡುಕಿದ್ದು. ರೋಣದ ಕಡೆಯ ಒಬ್ಬ ಕಾವಲುಗಾರರು ಫೋನಿನಲ್ಲೇ "ಆ ರೂಮ್ ಬ್ಯಾಡ್ರಿ, ಹಿಂದ ಜನರೇಟರ್ ಐತಿ" ಅಂದರು. ಯಾವ ವಿಮರ್ಶೆಯಲ್ಲೂ ಅದು ಇರಲಿಲ್ಲ.

ಕೇಳಬೇಕಾದ್ದರಲ್ಲಿ ನೀರು ಮೊದಲನೆಯದು. ಬೇಸಿಗೆಯ ಕೊನೆಗೆ ದಂಡೆಯ ಬಾವಿ, ಬೋರ್‌ವೆಲ್‌ಗಳಲ್ಲಿ ಉಪ್ಪು ಏರುತ್ತದೆ, ಟ್ಯಾಂಕರ್ ಓಡಾಡುತ್ತದೆ. ಸ್ನಾನದ ನೀರು ಸಿಹಿಯೋ ಉಪ್ಪೋ, ದಿನವಿಡೀ ಬರುತ್ತಾ ಅಂತ ಕೇಳಿ. ಕಡಲಿನಿಂದ ಬಂದವರು ದಿನಕ್ಕೆ ಮೂರು ಸಲ ಮೈ ತೊಳೆಯಬೇಕು. ಗೇಟಿನ ಹತ್ತಿರ ಕಾಲು ತೊಳೆಯಲು ನಲ್ಲಿ, ಶವರ್ ಇದ್ದರೆ ರೂಮಿನ ತುಂಬ ಮರಳಾಗುವುದಿಲ್ಲ. ಎರಡನೆಯದು ಕರೆಂಟ್. ಮೇ ತಿಂಗಳ ಗುಡುಗು ಮಳೆಗೆ ಲೈನ್ ಹೋಗುವುದು ಹೊಸದಲ್ಲ. "ಜನರೇಟರ್ ಇದೆ" ಅನ್ನುತ್ತಾರೆ, "ಅದರಲ್ಲಿ ಎಸಿ ನಡೆಯುತ್ತಾ, ಫ್ಯಾನ್ ಮಾತ್ರವಾ?" ಅಂತ ಮುಂದುವರಿಸಿ.

ಈಜುಕೊಳ ಬೇಸಿಗೆಯಲ್ಲಿ ಶೋಕಿ ಅಲ್ಲ, ಮಕ್ಕಳಿಗೆ ಮಧ್ಯಾಹ್ನದ ಆಸರೆ. ಸಣ್ಣವರಿಗೆ ಬೇರೆ ಕೊಳ ಇದೆಯಾ, ಅದರ ಮೇಲೆ ನೆರಳಿದೆಯಾ, ನೈಲಾನ್ ಬಟ್ಟೆಯೇ ಬೇಕಾ ಅಂತ ಕೇಳಿಕೊಳ್ಳಿ. ಹತ್ತಿ ಚಡ್ಡಿಯಲ್ಲಿ ಇಳಿಯಲು ಬಹಳ ಕಡೆ ಬಿಡುವುದಿಲ್ಲ. ಅಕ್ಕಪಕ್ಕ ಕ್ಲಬ್ ಇದೆಯಾ ಅನ್ನುವುದನ್ನೂ ಬಿಡಬೇಡಿ. ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಅಂತ ಕಾನೂನಿದೆ. ಆದರೂ ಅಂಜುನಾ, ವಾಗಾತೋರ್ ಸುತ್ತ ನಿದ್ದೆ ಸೂಕ್ಷ್ಮ ಇರುವವರು ರೂಮ್ ಮಾಡುವ ಮುಂಚೆ ಎರಡು ಸಲ ಯೋಚಿಸಿ. ಕೊನೆಗೆ ವಿಡಿಯೋ ಕಾಲ್‌ನಲ್ಲಿ ರೂಮಿನ ಬಾಗಿಲಿನಿಂದ ಕಡಲವರೆಗೆ ನಡೆದು ತೋರಿಸಿ ಅನ್ನಿ. ದಾರಿ ಚೆನ್ನಾಗಿರುವವರು ಖುಷಿಯಿಂದ ತೋರಿಸುತ್ತಾರೆ.

ದುಡ್ಡಿನ ಲೆಕ್ಕ

ರೂಮಿನ ದಿನದ ಬಾಡಿಗೆ 7,500 ರೂಪಾಯಿವರೆಗೆ ಇದ್ದರೆ ಜಿಎಸ್‌ಟಿ 5%, ಅದರ ಮೇಲೆ ಹೋದರೆ 18%. 2025ರ ಸೆಪ್ಟೆಂಬರ್ 22ರಿಂದ ಇದು ಜಾರಿಯಲ್ಲಿದೆ. 7,400 ರೂಪಾಯಿಯ ರೂಮ್ ತೆರಿಗೆ ಸೇರಿ 7,770 ಆಗುತ್ತದೆ. 7,600ರದ್ದು 8,968 ಆಗುತ್ತದೆ. ಇನ್ನೂರು ರೂಪಾಯಿ ವ್ಯತ್ಯಾಸ ಸಾವಿರದ ಇನ್ನೂರರ ಹತ್ತಿರ ಬಂದು ನಿಲ್ಲುತ್ತದೆ. ಬಾಡಿಗೆ ಆ ಗೆರೆಯ ಆಸುಪಾಸಿನಲ್ಲಿದ್ದರೆ ಸ್ವಲ್ಪ ಚೌಕಾಸಿ ಮಾಡಿ. ಮೇ ತಿಂಗಳ ವಾರದ ದಿನಗಳಲ್ಲಿ ಅವರಿಗೂ ರೂಮ್ ತುಂಬಬೇಕಿರುತ್ತದೆ. ಎಕ್ಸ್‌ಟ್ರಾ ಬೆಡ್, ಮಕ್ಕಳಿಗೆ ಎಷ್ಟು ವಯಸ್ಸಿನವರೆಗೆ ಫ್ರೀ, ತಿಂಡಿ ಸೇರಿದೆಯಾ, ಇವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಮೇ ಎರಡನೇ ವಾರದ ನಂತರದ ಬುಕಿಂಗ್ ಆದರೆ, ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ದರವನ್ನೇ ಆರಿಸಿ.

ಮುಂಗಡ ಕೊಡುವಾಗ ಜಾಗ್ರತೆ. ಚೆಂದದ ಫೋಟೋ, ಅರ್ಧ ಬೆಲೆ, "ಈಗಲೇ ಯುಪಿಐ ಮಾಡಿ" ಅಂದರೆ ಅಲ್ಲೇ ನಿಲ್ಲಿ. ನಕ್ಷೆಯಲ್ಲಿರುವ ಹೋಟೆಲ್‌ನ ನಂಬರ್‌ಗೆ ಬೇರೆಯಾಗಿ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ದುಡ್ಡು ಹೋಗುವ ಖಾತೆ ಹೋಟೆಲ್‌ನ ಹೆಸರಿನಲ್ಲಿರಲಿ. ಹೋಟೆಲ್, ಹೋಮ್‌ಸ್ಟೇ ಯಾವುದೇ ಆದರೂ ಗೋವಾ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಇರಬೇಕು, ಆ ನಂಬರ್ ಕೇಳಿದರೆ ತಪ್ಪಿಲ್ಲ. ಬಜೆಟ್ ಕಡಿಮೆ ಇದ್ದವರು ಸರ್ಕಾರದ ಜಿಟಿಡಿಸಿ (ಗೋವಾ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ) ರೆಸಿಡೆನ್ಸಿ ಹೋಟೆಲ್‌ಗಳನ್ನು ನೋಡಿ. ಕಲಂಗುಟ್‌ನದು ದಂಡೆಯ ಬದಿಗೇ ಇದೆ.

ಸಸ್ಯಾಹಾರಿಗಳು ಊಟದ ಚಿಂತೆ ಹೆಚ್ಚು ಮಾಡಬೇಡಿ. ಮಡಗಾಂವ್, ಮಾಪುಸಾ, ಪಣಜಿಯಲ್ಲಿ ಉಡುಪಿ ಊಟ ಸಿಗುತ್ತದೆ. ಮಕ್ಕಳಿಗೆ ಮೊಸರನ್ನ ಮಾಡಿಕೊಡುತ್ತಾರಾ ಅಂತ ಅಡುಗೆಮನೆಗೆ ಒಂದು ಮಾತು ಕೇಳಿದರೆ ಸಾಕು. ಹಾಗೇ, ಇದು ಮಾಂಕುರಾದ್ ಮಾವಿನ ಹೊತ್ತು, ತಿನ್ನದೆ ಹೋಗಬೇಡಿ.

ಬಂದಿಳಿದ ಮೇಲೆ

ಚೆಕ್‌ಇನ್ ಸಾಮಾನ್ಯವಾಗಿ ಮಧ್ಯಾಹ್ನ ಎರಡಕ್ಕೆ. ಬೆಳಗಿನ ರೈಲಿಗೆ ಬರುವವರು ಮೊದಲೇ ಹೇಳಿಡಿ. ಬ್ಯಾಗ್ ಬಿಚ್ಚುವ ಮುಂಚೆ ಎಸಿ ಹಾಕಿ ಹತ್ತು ನಿಮಿಷ ಕೂತು ನೋಡಿ, ನಲ್ಲಿ ತಿರುಗಿಸಿ ಒಂದು ಹನಿ ನಾಲಿಗೆಗೆ ಹಚ್ಚಿ, ಕಿಟಕಿಯ ಚಿಲಕ ನೋಡಿ. ಸರಿಯಿಲ್ಲದಿದ್ದರೆ ಆಗಲೇ ರೂಮ್ ಬದಲಿಸಲು ಕೇಳಿ. ರಾತ್ರಿ ಉಳಿದ ಮೇಲೆ ಯಾರೂ ಬದಲಿಸಿಕೊಡುವುದಿಲ್ಲ. ಬಾಡಿಗೆ ಸ್ಕೂಟರ್ ಬೇಕಿದ್ದರೆ ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುವುದನ್ನೇ ತೆಗೆದುಕೊಳ್ಳಿ, ಅದೇ ಬಾಡಿಗೆಗೆ ಪರವಾನಗಿ ಇರುವ ಗಾಡಿ.

ಆಮೇಲೆ ದಂಡೆಗೆ ಹೋಗಿ, ನೀರಿಗಿಳಿಯದೆ ಸುಮ್ನೆ ಕಾಲು ಗಂಟೆ ನೋಡಿ. ಜೀವರಕ್ಷಕರ ಗೋಪುರ ಎಲ್ಲಿದೆ, ಕೆಂಪು-ಹಳದಿ ಬಾವುಟ ಎಲ್ಲಿ ನೆಟ್ಟಿದ್ದಾರೆ ಅಂತ ಗುರುತು ಮಾಡಿಕೊಳ್ಳಿ. ಆ ಎರಡು ಬಾವುಟದ ನಡುವೆ ಮಾತ್ರ ಇಳಿಯಬೇಕು. ಬರೀ ಕೆಂಪು ಇದ್ದಲ್ಲಿ ಮೊಣಕಾಲು ನೀರಿಗೂ ಬೇಡ. ಅವರು ಬೆಳಿಗ್ಗೆ ಏಳೂವರೆಯಿಂದ ಸಂಜೆ ಆರರವರೆಗೆ ಕಾಯುತ್ತಾರೆ, ನೀರಾಟ ಆ ಹೊತ್ತಿನೊಳಗೇ ಇರಲಿ. ಉಬ್ಬರ-ಇಳಿತದ ಹೊತ್ತು ದಿನಾ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಮರುದಿನದ್ದು ಅವರನ್ನೇ ಕೇಳಿ. ಸೆಳೆತಕ್ಕೆ ಸಿಕ್ಕಿದರೆ ದಡಕ್ಕೆ ನೇರ ಈಜಲು ಹೋಗಬಾರದು, ದಂಡೆಯ ಉದ್ದಕ್ಕೆ ಪಕ್ಕಕ್ಕೆ ಈಜಿ ಹೊರಬರಬೇಕು ಅಂತ ದೊಡ್ಡ ಮಕ್ಕಳಿಗೆ ಮೊದಲ ಸಂಜೆಯೇ ಹೇಳಿಕೊಡಿ.

ಮೇ ತಿಂಗಳಲ್ಲಿ ಕೆಲವು ದಿನ ಮರಳಿನ ಮೇಲೆ ಕಪ್ಪು ಉಂಡೆಗಳು ಬಂದು ಬಿದ್ದಿರುತ್ತವೆ. ಹಡಗುಗಳ ಎಣ್ಣೆ ಕಡಲಲ್ಲಿ ಗಟ್ಟಿಯಾಗಿ, ಮುಂಗಾರಿನ ಮುಂಚಿನ ಗಾಳಿಗೆ ದಡಕ್ಕೆ ಬರುವ ಡಾಂಬರು ಅದು. ಮಗು ಮೆಟ್ಟಿದರೆ ಸೋಪಿಗೆ ಹೋಗುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ, ಒಂದು ನಿಮಿಷ ಬಿಟ್ಟು, ಹಳೇ ಬಟ್ಟೆಯಲ್ಲಿ ಒರೆಸಿ. ಬರುವಾಗ ಬ್ಯಾಗಿನಲ್ಲಿ ಸಣ್ಣ ಬಾಟಲಿ ಎಣ್ಣೆ, ಒಂದು ಹಳೇ ಪಂಚೆ ಇರಲಿ.